ಕನಕ್ ಪಿಶಿಯ ಮುಖಕ್ಕೊಂದು ಲೆನ್ಸು

ಕಲ್ಕತ್ತೆಯ ಹಾತಿಬಾಗಾನಿನ ಟ್ರಾಮ್ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಲಾಹಾ ಬಾಬುವಿಗೆ ಅವನ ಅಪ್ಪ ಪರಿತೋಷ್ ಎಂದು ಹೆಸರಿಟ್ಟಿದ್ದ. ಐವತ್ತು ದಾಟಿದರೂ ಹೆಸರಿನಲ್ಲಿದ್ದ ತೃಪ್ತಿ ಮನುಷ್ಯನೊಳಕ್ಕೆ ಇಳಿದಿರಲಿಲ್ಲ. ಚಹಾದ ಕುಡಿಕೆ ಹಿಡಿದು ಅಂಗಡಿಯಲ್ಲಿ ಕೂತರೆ ಅರ್ಧ ಕುಡಿಯುವಷ್ಟರಲ್ಲಿ ಎದ್ದು ಬಾಗಿಲಿಗೆ ಬರುವನು, ಟ್ರಾಮ್ ಹೋಯಿತೇ ಎಂದು ನೋಡುವನು, ಒಳಗೆ ಹೋಗಿ ಚೌಕಟ್ಟುಗಳನ್ನು ಒರೆಸುವನು, ಒರೆಸಿದ್ದನ್ನೇ ಮತ್ತೆ ಒರೆಸುವನು. ಹೆಂಡತಿ ಸುತಪಾ ಮದುವೆಯಾದ ಹೊಸತರಲ್ಲಿ ಇದನ್ನು ಕಂಡು ಹೆದರಿದ್ದಳು, ಆಮೇಲೆ ನಕ್ಕಿದ್ದಳು, ಈಗ ಎರಡನ್ನೂ ಬಿಟ್ಟಿದ್ದಳು.

ಈ ಚಡಪಡಿಕೆಗೆ ಒಂದು ಗುರಿ ಸಿಕ್ಕಿದ್ದು ಅವನ ತಾಯಿ ತೀರಿಕೊಂಡಾಗ. ಶ್ರಾದ್ಧದ ದಿನ ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಟ್ರಂಕು, ಅಲಮಾರು, ಹಾಸಿಗೆಯ ಕೆಳಗಿನ ಡಬ್ಬಿಗಳು ಎಲ್ಲವನ್ನೂ ಜಾಲಾಡಿದರು. ಸಿಕ್ಕ ಫೋಟೋಗಳಲ್ಲೆಲ್ಲ ಅಮ್ಮ ಯಾರದೋ ಹಿಂದೆ ನಿಂತಿದ್ದಳು, ಇಲ್ಲವೇ ಬಡಿಸುತ್ತಾ ಬಗ್ಗಿದ್ದಳು, ಇಲ್ಲವೇ ಮಗುವೊಂದನ್ನು ಕ್ಯಾಮೆರಾ ಕಡೆ ತಿರುಗಿಸುತ್ತಾ ತಾನು ಬೇರೆ ಕಡೆ ನೋಡುತ್ತಿದ್ದಳು. ಕೊನೆಗೆ ನೆಂಟರ ಮದುವೆಯ ಒಂದು ಗುಂಪುಚಿತ್ರದಲ್ಲಿ, ಯಾರದೋ ಮೊಣಕೈಯ ಪಕ್ಕ, ಅವರೆಕಾಳಿನಷ್ಟು ಮುಖ ಸಿಕ್ಕಿತು. ಸ್ಟುಡಿಯೋದವನು ಅದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದ. ದೊಡ್ಡದಾದಷ್ಟೂ ಅಮ್ಮ ಮಂಜಿನೊಳಗೆ ಸರಿಯುತ್ತಾ ಹೋದಳು. ಕಣ್ಣು ಎಲ್ಲಿದೆಯೆಂದೇ ತಿಳಿಯದಾದಾಗ ಆ ಪುಣ್ಯಾತ್ಮ ತಾನೇ ಎರಡು ಕಣ್ಣು ಬರೆದುಕೊಟ್ಟ. ಶ್ರಾದ್ಧಕ್ಕೆ ಬಂದವರೆಲ್ಲ ಆ ಬರೆದ ಕಣ್ಣುಗಳಿಗೆ ಕೈಮುಗಿದು, ರಜನೀಗಂಧದ ಹಾರ ಸರಿಪಡಿಸಿ, ಊಟಕ್ಕೆ ಕೂತರು. ಪರಿತೋಷ್ ಮಾತ್ರ ಆ ಫೋಟೋದ ಎದುರು ನಿಲ್ಲಲಾರದೆ ಒಳಗೂ ಹೊರಗೂ ತಿರುಗಿದ. ಹುಟ್ಟಿದಾಗಿನಿಂದ ಊರಿನವರ ಕಣ್ಣು ಸರಿಮಾಡುವ ಅಂಗಡಿಯಲ್ಲಿ ಬೆಳೆದವನು ಅವನು. ತನ್ನ ತಾಯಿಯ ಕಣ್ಣು ಹೇಗಿತ್ತೆಂದು ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ.

ಆ ಮಳೆಗಾಲದಲ್ಲೇ ಅವನು ಒಂದು ಡಿಜಿಟಲ್ ಕ್ಯಾಮೆರಾ ತಂದ. ಮನೆತನದಲ್ಲಿ, ಬೀದಿಯಲ್ಲಿ ಇರುವ ವಯಸ್ಸಾದವರ ಮುಖಗಳನ್ನೆಲ್ಲ ಅವರು ಇರುವಾಗಲೇ ಒಂದೊಂದಾಗಿ ಸ್ಪಷ್ಟವಾಗಿ ತೆಗೆದಿಡಬೇಕು ಎನ್ನುವುದು ಅವನ ಯೋಚನೆ. ಕ್ಯಾಮೆರಾದ ಜೊತೆ ಬಂದ ಲೆನ್ಸು ಮನೆ, ಬೀದಿ, ಹಬ್ಬ, ದೋಣಿ ಎಲ್ಲಕ್ಕೂ ಆಗುವಂಥದ್ದು. ಮುಖಕ್ಕೆ ಮಾತ್ರ ಆಗದಂಥದ್ದು. ಅದರಲ್ಲಿ ಹತ್ತಿರ ಹೋದರೆ ಮೂಗು ಉಬ್ಬುತ್ತಿತ್ತು, ದೂರ ಹೋದರೆ ಚರ್ಮ ಮೇಣದಂತೆ ಕಾಣುತ್ತಿತ್ತು. ಹಾಗಾಗಿ ಅವನು ಎಸ್‌ಪ್ಲನೇಡಿನ ಹಿಂದಿರುವ ಕ್ಯಾಮೆರಾ ಗಲ್ಲಿಯ ದಾರಿ ಹಿಡಿದ.

ಆ ಗಲ್ಲಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಅಂಗಡಿಯೊಳಗೆ ಸರಿಯಬೇಕು. ಸರಿದವರನ್ನು ಅಂಗಡಿಯವನು ಸುಮ್ಮನೆ ಬಿಡುವುದಿಲ್ಲ. ಪರಿತೋಷ್ ಮೊದಲ ದಿನ ಸರಿದು ನಿಂತದ್ದು ಬದ್ರುಭಾಯಿಯ ಅಂಗಡಿಯಲ್ಲಿ. ಬದ್ರುಭಾಯಿ ಹಳೆಯ ಲೆನ್ಸುಗಳನ್ನು ಕೊಂಡು, ತೊಳೆದು, ಮಾರುವವನು. ಮಾತಾಡುವಾಗಲೂ ಅವನ ಕೈ ಯಾವುದಾದರೊಂದು ಲೆನ್ಸಿಗೆ ಬ್ಯಾಟರಿ ಬಿಟ್ಟು ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಹುಡುಕುತ್ತಿರುತ್ತಿತ್ತು. ಈ ಊರಿನ ಸೆಕೆಯಲ್ಲಿ ಬೂಷ್ಟು ಉಪ್ಪಿನಕಾಯಿಯನ್ನೂ ಬಿಡುವುದಿಲ್ಲ, ಲೆನ್ಸನ್ನೂ ಬಿಡುವುದಿಲ್ಲ.

"ಏನು ಬೇಕು ಬಾಬು?"

"ಮುಖ ತೆಗೀಬೇಕು. ವಯಸ್ಸಾದವರ ಮುಖ. ರೆಪ್ಪೆಕೂದಲು ಒಂದೊಂದೂ ಬೇರೆ ಬೇರೆ ಕಾಣ್ಬೇಕು."

"ವಯಸ್ಸಾದವರಿಗೆ ರೆಪ್ಪೆ ಎಲ್ಲಿರುತ್ತೆ ಬಾಬು? ಉದುರಿರುತ್ತೆ. ನಿಮ್ಮ ಕಸುಬೇನು?"

"ಕನ್ನಡಕದಂಗಡಿ."

"ಹಂಗಾದ್ರೆ ನೀವು ಬದುಕಲ್ಲ," ಎಂದು ಬದ್ರುಭಾಯಿ ಸ್ಟೂಲು ಎಳೆದು ಕೊಟ್ಟ. "ಕೂತ್ಕೊಳ್ಳಿ. ಚಶ್ಮಾ ಬಾಬುಗಳು ಈ ಗಲ್ಲಿಗೆ ಬಂದ್ರೆ ವಾಪಸ್ ಹೋಗಲ್ಲ."

ಅವನು ಹೇಳಿದಂತೆಯೇ ಆಯಿತು. ಮೊದಲು ತಂದದ್ದು ಎಂಬತ್ತೈದು ಮಿಲಿಮೀಟರಿನ ಲೆನ್ಸು. ಮುಖಕ್ಕೆಂದೇ ಮಾಡಿದ್ದು, ಬೆಳಕು ಕಡಿಮೆಯಿದ್ದರೂ ನಡೆಯುವಂಥದ್ದು. ಅದರಲ್ಲಿ ಒಂದು ಕಣ್ಣು ಸೂಜಿಯ ಹಾಗೆ ಹರಿತವಾಗಿ ಬಂದರೆ ಇನ್ನೊಂದು ಕಣ್ಣು ಕರಗಿಹೋಗುತ್ತಿತ್ತು, ಕಿವಿಯಂತೂ ಹೊಗೆ. ಅದನ್ನು ಕೊಟ್ಟು ನೂರಮೂವತ್ತೈದರದು ತಂದ. ಅದಕ್ಕೆ ಬಹಳ ದೂರ ನಿಲ್ಲಬೇಕು. ಉತ್ತರ ಕಲ್ಕತ್ತೆಯ ಮನೆಗಳಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು? ಹಾಸಿಗೆಯ ಮೇಲೆ ಕೂತ ಮುದುಕನ ಮುಖ ಹಿಡಿಯಲು ಹಿಂದೆ ಹಿಂದೆ ಸರಿದು, ಬಾಗಿಲು ದಾಟಿ, ಮೆಟ್ಟಿಲಿನ ಮೇಲೆ ನಿಂತು, ಹಿಂದಿನಿಂದ ಬಂದ ಮೀನಿನವಳ ಬುಟ್ಟಿಗೆ ಒರಗಿ ಬೈಸಿಕೊಂಡ. ಅದನ್ನೂ ಕೊಟ್ಟ. ಆಮೇಲೆ ಒಂದು ತೊಂಬತ್ತರದು, ಒಂದು ರಷ್ಯದ ಹಳೆಯದು, ಮತ್ತೆ ಎಂಬತ್ತೈದರದು. ಮನೆಯ ಗೋಡೆಗೆ ಆನಂದಬಜಾರ್ ಪತ್ರಿಕೆಯ ಹಾಳೆ ಅಂಟಿಸಿ, ಪ್ರತಿ ಲೆನ್ಸಿನಿಂದಲೂ ಅದರ ಅಕ್ಷರ ತೆಗೆದು, ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಮೂಲೆಯ ಅಕ್ಷರಕ್ಕೂ ನಡುವಿನ ಅಕ್ಷರಕ್ಕೂ ಏನು ವ್ಯತ್ಯಾಸವೆಂದು ನೋಡುತ್ತಾ ಕೂರುವನು. ಕೂರುವುದೂ ಇಲ್ಲ, ಎದ್ದು ಎದ್ದು ಬರುವನು.

"ಅಂಗಡೀಲಿ ಗಿರಾಕಿ ಕಣ್ಣಿಗೆ ಗಾಜು ಇಟ್ಟು 'ಇದು ಸ್ಪಷ್ಟವೋ, ಇದೋ' ಅಂತ ಕೇಳ್ತೀರಿ," ಎಂದಳು ಸುತಪಾ ಒಮ್ಮೆ, ಹಿಟ್ಟು ನಾದುತ್ತಾ. "ಅವರು ಎರಡು ಸಲ ಯೋಚಿಸಿದ್ರೆ ರೇಗ್ತೀರಿ. ಇಲ್ಲಿ ನೋಡಿ, ದುರ್ಗಾಪೂಜೆಗೆ ಮುಂಚೆ ಶುರುವಾದದ್ದು, ಈಗ ಚಳಿಗಾಲದ ಹೊಸ ಬೆಲ್ಲ ಬಂತು."

"ಇದು ಬೇರೆ, ಸುತಪಾ."

"ಬೇರೆ ಏನಿಲ್ಲ. ಯಾವ ಗಾಜು ಹಾಕಿದ್ರೂ ನಿಮಗೆ ಇನ್ನೊಂದು ಚೆನ್ನಾಗಿರತ್ತೆ."

ಬೀದಿಯಲ್ಲಿ ಬೇರೆಯದೇ ತೊಂದರೆ ಶುರುವಾಗಿತ್ತು. ಅವರ ಗಲ್ಲಿಯ ಜಗಲಿಯ ಮೇಲೆ ಸಂಜೆ ಹೊತ್ತು ಮಂಡಕ್ಕಿ, ಬದನೆಕಾಯಿ ಬಜ್ಜಿ ಹಿಡಿದು ಚದುರಂಗಕ್ಕೆ ಕೂರುವ ಹಿರಿಯರ ಒಂದು ಗುಂಪಿತ್ತು. ಪರಿತೋಷ್ ಮೊದಲು ಕ್ಯಾಮೆರಾ ಹಿಡಿದದ್ದು ಅವರಲ್ಲಿ ಎಲ್ಲರಿಗಿಂತ ಹಿರಿಯರಾದ, ಬೀದಿಗೆಲ್ಲ ದೊಡ್ಡಪ್ಪನಂತಿದ್ದ ನೃಪೇನ್ ಜೇಠೂಗೆ. ತೊಂಬತ್ತರ ಹತ್ತಿರದ ಮನುಷ್ಯ, ಮಂಕಿ ಟೋಪಿ ತೆಗೆಯಲು ಒಪ್ಪದೆ ಜಗಳವಾಡಿ, ಕಡೆಗೆ ತೆಗೆದು, ಬೊಕ್ಕ ತಲೆ ಸವರಿಕೊಂಡು ನಕ್ಕಿದ್ದರು. ಒಳ್ಳೆಯ ಚಿತ್ರ. ಅದೇ ತಿಂಗಳು ಜೇಠೂ ನಿದ್ದೆಯಲ್ಲೇ ಹೋದರು. ಅದೇ ಚಿತ್ರಕ್ಕೆ ಹಾರ ಬಿತ್ತು. ಬಂದವರೆಲ್ಲ ಚಿತ್ರವನ್ನು ಹೊಗಳಿದರು. ಅದಾದ ಮೇಲೆ ಮೂಲೆಮನೆಯ ಒಬ್ಬ ಅಜ್ಜಿಯದು ತೆಗೆದ. ಅವರೂ ಸಂಕ್ರಾಂತಿ ನೋಡಲಿಲ್ಲ. ಅಲ್ಲಿಗೆ ಮುಗಿಯಿತು. ಅವನು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಗಲ್ಲಿಗೆ ಕಾಲಿಟ್ಟರೆ ಜಗಲಿಯ ಮೇಲೆ ಗಲಿಬಿಲಿಯಾಗುತ್ತಿತ್ತು.

"ಈ ಕಡೆ ತಿರುಗಿಸ್ಬೇಡಪ್ಪಾ ಪರಿತೋಷ್," ಎನ್ನುವರು ಬೀದಿಗೆಲ್ಲ ಚಿಕ್ಕಪ್ಪನಂತಿದ್ದ ನಿವೃತ್ತ ಗುಮಾಸ್ತ ಹರಾಧನ್ ಕಾಕು. "ಇನ್ನೊಂದು ಇಲಿಶ್ ಮೀನಿನ ಕಾಲ ನೋಡೋ ಆಸೆ ಇದೆ ನನಗೆ."

"ಕಾಕು, ಅದು ಬರೀ ಲೆನ್ಸು."

"ಯಮನ ಕೋಣಾನೂ ಬರೀ ಕೋಣ ಕಣಪ್ಪಾ. ಮೇಲೆ ಯಾರು ಕೂತಿದಾರೆ ಅನ್ನೋದು ಮುಖ್ಯ."

ಎಲ್ಲರೂ ನಕ್ಕರು. ಪರಿತೋಷನೂ ನಕ್ಕ. ಆದರೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಅವನ ಮುಖ ಬಾಡಿತ್ತು.

ಹೀಗೆ ಎಲ್ಲರೂ ಮುಖ ತಪ್ಪಿಸಿಕೊಳ್ಳುತ್ತಿದ್ದಾಗ ತಾನಾಗಿ ಕೇಳಿದವಳು ಒಬ್ಬಳೇ. ಅವನ ಕನಕ್ ಪಿಶಿ, ಅಪ್ಪನ ತಂಗಿ. ಮದುವೆಯಾಗದೆ ಅದೇ ಮನೆಯ ಮಹಡಿಕೋಣೆಯಲ್ಲಿ ಜೀವಮಾನ ಕಳೆದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು, ತನ್ನ ದುಡಿಮೆಯಲ್ಲಿ ಇಬ್ಬರು ತಂಗಿಯರ ಮದುವೆ ಮಾಡಿದವಳು. ಎಂಬತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ಕಿವಿಯಂತೂ ಬೆಕ್ಕಿನದು. ಮೆಟ್ಟಿಲು ಹತ್ತುವ ಸದ್ದಿನಲ್ಲೇ ಬಂದವರು ಯಾರು, ಯಾವ ಮನಸ್ಸಿನಲ್ಲಿದ್ದಾರೆ ಎಂದು ಹೇಳುವಳು. ಬೆಳಗ್ಗೆ ಬಿಸಿಲಿಗೆ ಕೂತು ಪತ್ರಿಕೆ ಹರಡಿಕೊಂಡು ಸುದ್ದಿಯನ್ನು ಸುತಪಾಗೆ ಗಟ್ಟಿಯಾಗಿ ಹೇಳುವಳು. ಅತ್ತಿಗೆ, ಪರಿತೋಷನ ತಾಯಿ, ಸತ್ತ ಮೇಲೆ ಮೀನು ಬಿಟ್ಟಿದ್ದಳು. ಬಂಗಾಳಿಯೊಬ್ಬಳು ಅತ್ತಿಗೆಗಾಗಿ ಮೀನು ಬಿಡುವುದೆಂದರೆ ಎಂಥ ಪ್ರೀತಿ ಎಂದು ನೆಂಟರಲ್ಲೆಲ್ಲ ಮಾತಾಗಿತ್ತು.

"ಬಾಬ್ಲು," ಎಂದಳು ಪಿಶಿ ಒಂದು ದಿನ. ಅದು ಮನೆಯಲ್ಲಿ ಪರಿತೋಷನನ್ನು ಕರೆಯುವ ಮುದ್ದಿನ ಹೆಸರು. "ಬೀದಿಯವರ ಮುಖಾನೆಲ್ಲಾ ಬೇಡ್ಕೊಂಡು ತಿರುಗ್ತೀಯಂತೆ. ನನ್ನದನ್ನ ಯಾಕೆ ಕೇಳಲಿಲ್ಲ?"

"ಹೆದರಿಕೆ ಪಿಶಿ. ಜನ ಏನಂತಾರೆ ಗೊತ್ತಲ್ಲ."

"ಸಾಯೋದಕ್ಕೆ ನಾನು ನಿನ್ನ ಕ್ಯಾಮೆರಾ ದಾರಿ ಕಾಯ್ಬೇಕಾ? ಮೂವತ್ತು ವರ್ಷ ಈ ಊರಿನವರೆಲ್ಲ ನನ್ನ ದನಿ ಕೇಳಿದಾರೆ. ವೈದ್ಯರು, ಮಂತ್ರಿಗಳು, ಕಳ್ಳರು. ಮುಖ ಒಬ್ಬರೂ ನೋಡಿಲ್ಲ. ತೆಗಿ."

ಈಗ ಪರಿತೋಷನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇದೊಂದು ಮುಖ ತಪ್ಪಬಾರದು. ಅಂಗಡಿಯನ್ನು ಸುತಪಾಳ ಮೇಲೆ ಬಿಟ್ಟು ಗಲ್ಲಿಗೆ ಓಡಿದ. ಬದ್ರುಭಾಯಿ ಎರಡು ಲೆನ್ಸುಗಳನ್ನು ಮೇಜಿನ ಮೇಲಿಟ್ಟ. ಒಂದು, ಆಗಷ್ಟೇ ಬಂದಿದ್ದ ಎಂಬತ್ತೈದರ ಹೊಸ ಮಾದರಿ. ಇನ್ನೊಂದು, ನೂರರ ಮ್ಯಾಕ್ರೊ. ಹೂವಿನ ಕೇಸರ, ಜೇಡನ ಕಾಲು, ಒಡವೆಯ ಕೆತ್ತನೆ ತೆಗೆಯುವವರು ಕೊಳ್ಳುವಂಥದ್ದು.

"ಮ್ಯಾಕ್ರೊ ಮುಖಕ್ಕೆ ಬೇಡ ಅಂತಾರೆ ಜನ," ಎಂದ ಬದ್ರುಭಾಯಿ. "ಕರುಣೆ ಇಲ್ಲ ಅದಕ್ಕೆ. ಇರೋದೆಲ್ಲ ತೋರಿಸತ್ತೆ. ಹೆಂಡತಿ ಮುಖ ತೆಗೆದವನು ಒಬ್ಬ ಮಾರನೇ ದಿನವೇ ವಾಪಸ್ ತಂದುಕೊಟ್ಟ."

"ಎರಡೂ ಕೊಡಿ. ತೆಗೆದು ನೋಡಿ ಒಂದು ತರ್ತೀನಿ."

"ಒಂದು ತರ್ತೀರೋ, ಎರಡೂ ತಂದು ಮೂರನೇದು ಕೇಳ್ತೀರೋ?"

ಮಹಡಿಯ ತಾರಸಿಯಲ್ಲಿ, ಒಣಹಾಕಿದ ಬೇಳೆಹಿಟ್ಟಿನ ಬಡಿ ಉಂಡೆಗಳ ಪಕ್ಕ, ಪಿಶಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಚಳಿಗಾಲದ ಬಿಸಿಲು ನೀರುಟ್ಯಾಂಕಿನ ಗೋಡೆಗೆ ಬಡಿದು ಮೆತ್ತಗಾಗಿ ಅವಳ ಮುಖದ ಮೇಲೆ ಬೀಳುತ್ತಿತ್ತು. ಒಂದೇ ತೊಂದರೆ, ಕನ್ನಡಕ. ಅವನ ಅಪ್ಪ ಮಾಡಿಕೊಟ್ಟದ್ದು, ದಪ್ಪ ಚೌಕಟ್ಟು, ಕಂದುಬಣ್ಣದ ದಪ್ಪ ಗಾಜು. ಬದಲಿಸುತ್ತೇನೆಂದು ಪರಿತೋಷ್ ಎಷ್ಟೋ ಸಲ ಕೇಳಿದ್ದ, ಪಿಶಿ ಮುಟ್ಟಗೊಟ್ಟಿರಲಿಲ್ಲ. ಈಗ ಅದರಲ್ಲಿ ಆಕಾಶ, ಟ್ಯಾಂಕು, ಅವನ ಕ್ಯಾಮೆರಾ ಎಲ್ಲ ಮಿಂಚುತ್ತಿದ್ದವು.

"ಕನ್ನಡಕ ತೆಗಿ ಪಿಶಿ."

"ಬೇಡ."

"ಕಣ್ಣು ಕಾಣ್ಬೇಕಲ್ಲ."

"ಯಾರಿಗೆ?" ಎಂದಳು. ಆಮೇಲೆ ಎರಡೂ ಕೈಯಿಂದ ತೆಗೆದು, ಮಡಿಲಲ್ಲಿಟ್ಟುಕೊಂಡು, ಮುಖ ಎತ್ತಿದಳು. "ಬೇಗ ಮುಗಿಸು."

ಬೇಗ ಮುಗಿಸುವುದು ಅವನ ಜಾತಕದಲ್ಲಿರಲಿಲ್ಲ. ಎಂಬತ್ತೈದರಲ್ಲಿ ತೆಗೆದ. ಬಿಚ್ಚಿ ಮ್ಯಾಕ್ರೊ ಹಾಕಿದ. ಅದರ ಫೋಕಸ್ ಮೋಟಾರು ಕಣ್ಣಿನ ಮೇಲೆ ನಿಲ್ಲದೆ ಗೊರ್‌ ಗೊರ್‌ ಎನ್ನುತ್ತಾ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಯಿತು. ಬಡಿ ಎತ್ತಲು ಬಂದ ಸುತಪಾ ನಿಂತು ನೋಡಿ, "ಇದು ನಿಮಗೆ ಸರಿಯಾದ ಜೋಡಿ ಕಣ್ರೀ," ಎಂದು ಹೋದಳು. ಮತ್ತೆ ಎಂಬತ್ತೈದು. ಮತ್ತೆ ಮ್ಯಾಕ್ರೊ. ಬಿಸಿಲು ಸರಿಯಿತು, ಕುರ್ಚಿ ಸರಿಸಿದ.

"ಬಾಬ್ಲು, ನೀನು ನೋಡ್ತಿರೋದು ನನ್ನನ್ನೋ, ಅದನ್ನೋ?" ಎಂದಳು ಪಿಶಿ.

"ನಿನ್ನನ್ನೇ. ಅಲ್ಲಾಡಬೇಡ."

ಮಾರನೆಯ ದಿನ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಹಿಗ್ಗಿಸಿದ. ಮ್ಯಾಕ್ರೊ ತೆಗೆದದ್ದರಲ್ಲಿ ಹುಬ್ಬು, ರೆಪ್ಪೆ, ಕೆನ್ನೆಯ ಸುಕ್ಕು ಒಂದೊಂದೂ ಹೆಣೆದಿಟ್ಟಂತೆ ಬಂದಿದ್ದವು. ಕಣ್ಣು ಮಾತ್ರ ಸರಿಯಿರಲಿಲ್ಲ. ಎಡಗಣ್ಣಿನ ಪಾಪೆ ಕಪ್ಪಾಗಿರದೆ ಬೂದಿ ಬಳಿದಂತೆ ಇತ್ತು. ಬಲಗಣ್ಣಿನಲ್ಲೂ ಸ್ವಲ್ಪ ಹೊಗೆ. ಎಂಬತ್ತೈದರಲ್ಲಿ ತೆಗೆದದ್ದೂ ಹಾಗೇ. ಎರಡು ಲೆನ್ಸಿನ ಒಳಗೂ ಬೂಷ್ಟು, ಇಲ್ಲವೇ ಎಣ್ಣೆಪಸೆ. ಬದ್ರುಭಾಯಿ ಮೋಸ ಮಾಡಿದ. ಬೇರೆ ಯೋಚನೆಯೇ ಬರದೆ ಅವನು ಎರಡನ್ನೂ ಚೀಲಕ್ಕೆ ತುರುಕಿ ಟ್ರಾಮ್ ಹತ್ತಿದ. ಟ್ರಾಮ್ ನಿಧಾನವೆನಿಸಿ ಕಾಲೇಜ್ ಸ್ಟ್ರೀಟಿನಲ್ಲಿ ಇಳಿದು ಬಸ್ಸು ಹಿಡಿದ.

ಬದ್ರುಭಾಯಿ ರೇಗಲಿಲ್ಲ. ಲೆನ್ಸುಗಳಿಗೆ ಬ್ಯಾಟರಿ ಬಿಟ್ಟು ಇವನಿಗೂ ತೋರಿಸಿದ. ಒಳಗೆ ಕೊಳದ ನೀರಿನಷ್ಟು ತಿಳಿ.

"ಹಾಗಾದ್ರೆ ಇದೇನು?" ಎಂದು ಪರಿತೋಷ್ ಕ್ಯಾಮೆರಾದ ಪರದೆ ಅವನ ಮುಖಕ್ಕೆ ಹಿಡಿದ.

"ಅದನ್ನ ಈ ಕಡೆ ತಿರುಗಿಸಿ ನನ್ನದೊಂದು ತೆಗೀರಿ. ಜಗಳ ಆಮೇಲೆ ಆಡೋಣ."

ಪರಿತೋಷ್ ಮ್ಯಾಕ್ರೊ ಹಾಕಿ ತೆಗೆದ. ಹಿಗ್ಗಿಸಿದ. ಬದ್ರುಭಾಯಿಯ ಕಣ್ಣಪಾಪೆ ಬಾವಿಯ ಹಾಗೆ ಕಪ್ಪಗಿತ್ತು. ಆಳದಲ್ಲಿ ಗಲ್ಲಿಯ ಟ್ಯೂಬ್‌ಲೈಟಿನ ಗೆರೆಯೂ ಕಾಣುತ್ತಿತ್ತು. ಮತ್ತೆ ಪಿಶಿಯ ಚಿತ್ರಕ್ಕೆ ಬಂದ. ಮತ್ತೆ ಬದ್ರುಭಾಯಿಯದು. ಮತ್ತೆ ಪಿಶಿಯದು.

"ಇಷ್ಟು ಹರಿತ ನನ್ನ ಅಂಗಡೀಲಿ ಇನ್ನೊಂದಿಲ್ಲ ಚಶ್ಮಾ ಬಾಬು," ಬದ್ರುಭಾಯಿ ಹೇಳುತ್ತಲೇ ಇದ್ದ. "ಇನ್ನೇನು ಬೇಕು ನಿಮಗೆ?"

ಪರಿತೋಷ್ ಪಿಶಿಯ ಕಣ್ಣನ್ನು ಪರದೆಯ ತುಂಬ ಹಿಗ್ಗಿಸಿದ. ಪೊರೆ. ಬಲಿತ ಪೊರೆ, ಎಷ್ಟೋ ವರ್ಷದ್ದು. ದಿನಕ್ಕೆ ಹತ್ತು ಜನರ ಕಣ್ಣು ನೋಡುವವನು, ಒಂದೇ ಸೂರಿನ ಕೆಳಗೆ, ದಿನಾ ಕಾಲುಮುಟ್ಟಿ ನಮಸ್ಕರಿಸುವ ಪಿಶಿಯ ಕಣ್ಣು ನೋಡಿರಲಿಲ್ಲ. ನಿನ್ನೆ ಮಧ್ಯಾಹ್ನವಿಡೀ ಅದೇ ಕಣ್ಣಿಗೆ ಲೆನ್ಸು ಹಿಡಿದು ರೆಪ್ಪೆಯ ಹರಿತ ಹುಡುಕಿದ್ದ. ಅವನು ಲೆನ್ಸುಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಬದ್ರುಭಾಯಿ ತರಿಸಿದ ಚಹಾ ಹಾಗೇ ಬಿಟ್ಟು ಎದ್ದ.

ಮನೆಗೆ ಬರುವ ದಾರಿಯುದ್ದಕ್ಕೂ ಅವನು ತನ್ನನ್ನು ತಾನೇ ಒಪ್ಪಿಸಲು ನೋಡಿದ. ಪಿಶಿ ಪತ್ರಿಕೆ ಓದುತ್ತಾಳಲ್ಲ? ಬಂದವರನ್ನು ಗುರುತಿಸುತ್ತಾಳಲ್ಲ? ಅಷ್ಟೇನೂ ಇರಲಾರದು. ಮೆಟ್ಟಿಲು ಹತ್ತಿ ಮಹಡಿಕೋಣೆಯ ಬಾಗಿಲಿಗೆ ಬರುತ್ತಲೇ ಒಳಗಿನಿಂದ ದನಿ ಬಂತು.

"ಯಾಕೋ ಬಾಬ್ಲು, ಒಂದೊಂದು ಮೆಟ್ಟಿಲಿಗೂ ನಿಲ್ತಾ ಬಂದೆ? ಯಾರ ಹತ್ರ ಜಗಳ?"

ಅವನ ಕೈಯಲ್ಲಿ ಲೆನ್ಸಿನ ಪೆಟ್ಟಿಗೆಯಿಂದ ತೆಗೆದ ಬಿಳಿ ರಟ್ಟು ಒಂದಿತ್ತು. ಅದನ್ನು ಯಾಕೆ ಹಾಗೆ ಮಾಡಿದೆನೋ ಎಂದು ಆಮೇಲೆ ಬಹಳ ಸಲ ಹಳಹಳಿಸಿದ. ಆದರೆ ಆಗ ಕೈ ತಡೆಯಲಿಲ್ಲ. "ನಿನ್ನ ಫೋಟೋ ಬಂತು ಪಿಶಿ," ಎಂದು ಆ ಖಾಲಿ ರಟ್ಟನ್ನು ಅವಳ ಕೈಗೆ ಕೊಟ್ಟ.

ಪಿಶಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಲೆ ಆ ಕಡೆ ಈ ಕಡೆ ವಾಲಿಸಿದಳು.

"ಚೆನ್ನಾಗಿದೆ ಕಣೋ. ಮೂಗು ಒಂಚೂರು ದೊಡ್ಡದು ಮಾಡಿದ್ದೀಯ ಅಷ್ಟೇ."

ಪರಿತೋಷ್ ಅವಳ ಕಾಲಬುಡದಲ್ಲಿ ಕುಸಿದು ಕೂತ. ಅವನ ಉಸಿರಿನ ಸದ್ದಿಗೇ ಪಿಶಿಗೆ ಎಲ್ಲ ತಿಳಿಯಿತು. ರಟ್ಟನ್ನು ಬೆರಳಿನಿಂದ ಸವರಿ ನೋಡಿದಳು. ಫೋಟೋದ ನುಣುಪು ಅಲ್ಲ ಅದು.

"ಬಡ್ಡೀಮಗನೆ," ಎಂದಳು ಮೆಲ್ಲಗೆ. "ನಿನ್ನಪ್ಪನೂ ನನಗೆ ಇಂಥ ಮೋಸ ಮಾಡಿರಲಿಲ್ಲ."

"ಎಷ್ಟು ದಿನದಿಂದ ಪಿಶಿ?"

"ಎಡಗಣ್ಣು ಹೋಗಿ ಬಹಳ ಆಯ್ತು. ಬಲಗಣ್ಣಲ್ಲಿ ಆಕಾರ ಕಾಣತ್ತೆ. ನೀನು ಒಂದು ಆಕಾರ. ಸುತಪಾ ಸ್ವಲ್ಪ ಅಗಲದ ಆಕಾರ, ಅವಳಿಗೆ ಹೇಳ್ಬೇಡ."

"ಪತ್ರಿಕೆ?"

"ಬೆಳಗ್ಗೆ ಆರಕ್ಕೆ ರೇಡಿಯೋ ಹೇಳತ್ತಲ್ಲ. ಪತ್ರಿಕೆ ಬರೋದು ಅದಾದ ಮೇಲೆ."

"ಯಾರಿಗೂ ಗೊತ್ತಿಲ್ವಾ?"

"ನಿನ್ನಮ್ಮನಿಗೆ ಗೊತ್ತಿತ್ತು. ನನ್ನ ತಟ್ಟೆಯ ಮೀನಿಂದ ಮುಳ್ಳು ತೆಗೆದು ಹಾಕ್ತಿದ್ದಳು, ನೀವೆಲ್ಲ ಆ ಕಡೆ ತಿರುಗಿದಾಗ. ಅವಳು ಹೋದ ಮೇಲೆ ಮುಳ್ಳು ಗಂಟಲಿಗೆ ಸಿಕ್ಕೀತು ಅಂತ ಮೀನೇ ಬಿಟ್ಟೆ. ನೀವು ಪ್ರೀತಿ ಅಂದಿರಿ. ಇರಲಿ ಅಂತ ಸುಮ್ಮನಾದೆ."

ಪರಿತೋಷ್ ಅಳುವುದನ್ನು ಸುತಪಾ ಮದುವೆಯಾದ ಮೇಲೆ ಎರಡನೇ ಸಲ ನೋಡಿದಳು. ಅವಳು ಬಾಗಿಲಲ್ಲಿ ನಿಂತೇ ಇದ್ದಳು. ತನ್ನ ಅಗಲದ ವಿಷಯವನ್ನೂ ಕೇಳಿಸಿಕೊಂಡಿದ್ದಳು.

ಆಪರೇಷನ್ ಎಂದದ್ದಕ್ಕೆ ಪಿಶಿ ಒಪ್ಪಲಿಲ್ಲ. ಅವಳ ಚಿಕ್ಕಂದಿನಲ್ಲಿ ಅಜ್ಜಿಗೆ ಯಾವನೋ ಪೊರೆ ತೆಗೆಯುತ್ತೇನೆಂದು ಬಂದು ಇದ್ದ ಕಣ್ಣನ್ನೂ ಕೆಡಿಸಿ ಹೋಗಿದ್ದನಂತೆ. ಆ ಅಜ್ಜಿಯ ಕೂಗು ಇನ್ನೂ ಕಿವಿಯಲ್ಲಿದೆ ಎಂದಳು. ಪರಿತೋಷ್ ದಿನಾ ಒಂದು ಹೊಸ ವಾದ ಹೂಡಿದ, ರೇಗಿದ, ಊಟ ಬಿಟ್ಟ. ಯಾವುದೂ ನಡೆಯಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಸುತಪಾಳ ಒಂದು ಮಾತು.

"ಪಿಶಿಮಾ, ಇಷ್ಟು ದಿನ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ಇನ್ನು ಮೇಲೆ ಈ ಮನುಷ್ಯ ನಿಮ್ಮನ್ನ ಒಂದು ಗಳಿಗೆ ಬಿಡೋದಿಲ್ಲ. ಮೆಟ್ಟಿಲಿಗೆ ಕೈ ಹಿಡೀತಾರೆ, ಬಚ್ಚಲು ಬಾಗಿಲಲ್ಲಿ ನಿಲ್ತಾರೆ. ಯೋಚನೆ ಮಾಡಿ."

ಪಿಶಿ ಯೋಚನೆ ಮಾಡಿದಳು. ಅದೇ ವಾರ ಆಸ್ಪತ್ರೆಗೆ ಹೊರಟಳು.

ಪರಿತೋಷ್ ಆಸ್ಪತ್ರೆಯ ಓಣಿಯಲ್ಲಿ ಎಷ್ಟು ಅಡ್ಡಾಡಿದನೆಂದರೆ ದಾದಿಯೊಬ್ಬಳು ಬಂದು, "ಕಾಕು, ನೆಲ ಒರೆಸಿದ್ದೀವಿ, ಒಂದು ಕಡೆ ಕೂತ್ಕೊಳ್ತೀರಾ?" ಎಂದು ಕೇಳಿದಳು. ಎಡಗಣ್ಣಿಗೆ ತೀರಾ ತಡವಾಗಿತ್ತು. ಬೆಳಕು ಬಂತು, ಅಕ್ಷರ ಬರಲಿಲ್ಲ. ಆದರೆ ಬಲಗಣ್ಣು ಚೆನ್ನಾಗಿ ಬಂತು. ಪಟ್ಟಿ ಬಿಚ್ಚಿದ ದಿನ ಪಿಶಿ ಮೊದಲು ನೋಡಿದ್ದು ಪರಿತೋಷನನ್ನು. ಬಹಳ ಹೊತ್ತು ನೋಡಿದಳು.

"ಯಾವಾಗ ಇಷ್ಟು ಮುದುಕನಾದೆಯೋ ನೀನು?" ಎಂದಳು.

ಆ ಭಾನುವಾರ ಹೂಕೋಸು ಹಾಕಿದ ಕೊಯಿ ಮೀನಿನ ಸಾರು ಆಯಿತು. ಮೀನುಗಳಲ್ಲಿ ಮುಳ್ಳಿನ ರಾಜ ಅದು. ಪಿಶಿ ಯಾರನ್ನೂ ಹತ್ತಿರ ಬಿಡದೆ, ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾ, ಎರಡು ತಿಂದಳು.

ಅದಾದ ಮೇಲೆ ಅವನು ಹೆದರುತ್ತಾ ಆ ತಾರಸಿಯ ಚಿತ್ರವನ್ನು ಅವಳಿಗೆ ತೋರಿಸಿದ. ಮ್ಯಾಕ್ರೊದಲ್ಲಿ ತೆಗೆದದ್ದು, ಈ ಸಲ ನಿಜವಾದ ಫೋಟೋ. ಅವಳು ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಸುಕ್ಕು, ಮಚ್ಚೆ, ತುಟಿಯ ಮೇಲಿನ ಬಿಳಿ ನವಿರು, ಬೂದುಬಣ್ಣದ ಪಾಪೆ. ಬದ್ರುಭಾಯಿ ಹೇಳಿದ್ದು ನಿಜ, ಕರುಣೆ ಇರಲಿಲ್ಲ ಅದಕ್ಕೆ.

"ನಮ್ಮಮ್ಮನ ಹಾಗೆ ಇದ್ದೀನಿ," ಎಂದಳು ಪಿಶಿ. ಆಮೇಲೆ, "ಇಷ್ಟು ಹತ್ತಿರದಿಂದ ನನ್ನ ಮುಖ ಯಾರೂ ನೋಡಿರಲಿಲ್ಲ ಬಾಬ್ಲು. ನಾನೂ ನೋಡಿರಲಿಲ್ಲ." ಫೋಟೋವನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು. "ಮೋರೀನ್ ಇದಾಳೆ. ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಕುರ್ಚಿ. ಅವಳ ಮುಖ ತೆಗೆಯೋರು ಯಾರೂ ಇಲ್ಲ. ಬರ್ತೀಯಾ?"

ಪರಿತೋಷ್ ಎಂಬತ್ತೈದನ್ನು ಹಿಂದಿರುಗಿಸಿ ಮ್ಯಾಕ್ರೊವನ್ನು ಉಳಿಸಿಕೊಂಡ. ಬದ್ರುಭಾಯಿಗೆ ನಂಬಿಕೆ ಬರದೆ ಎರಡು ಸಲ ಕೇಳಿದ.

ಮೋರೀನ್ ರೆಬೇರೊ ಬೋಬಜಾರಿನ ಹಿಂದಿನ ಕೆಂಪು ಇಟ್ಟಿಗೆಯ ಬ್ಯಾರಕ್ಕಿನಲ್ಲಿ ಒಂದು ಕೋಣೆಯಲ್ಲಿದ್ದಳು. ಮಂಚ, ಮೇಜು, ಯೇಸುವಿನ ಪಟ, ಎರಡು ಬೆಕ್ಕು. ಇಬ್ಬರೂ ಅಪ್ಪಿಕೊಂಡದ್ದು ಮುಗಿಯುತ್ತಲೇ ಜಗಳ ಶುರುವಾಯಿತು.

"ಕನಕ್, ನೀನು ಕುಗ್ಗಿದ್ದೀಯಾ."

"ನೀನು ಕೂದಲಿಗೆ ಬಣ್ಣ ಹಚ್ಚಿದ್ದೀಯಾ. ಈಗ ನನಗೆ ಕಾಣತ್ತೆ, ಹುಷಾರಾಗಿ ಮಾತಾಡು."

ಮೋರೀನ್ ತುಟಿಗೆ ಬಣ್ಣ ಹಚ್ಚಿಕೊಂಡು, ಮುತ್ತಿನ ಸರ ಹಾಕಿಕೊಂಡು, ಮಂಚದ ಅಂಚಿನಲ್ಲಿ ಗಟ್ಟಿಯಾಗಿ ಕೂತಳು. ಪರಿತೋಷ್ ಹಿಂದೆ ಸರಿದು ಅಲಮಾರಿಗೆ ಬೆನ್ನು ಹಚ್ಚಿದ. ಜಾಗ ಸಾಲದು. ಬೆಕ್ಕಿನ ಮೇಲೆ ಕಾಲಿಟ್ಟ. ಲೆನ್ಸು ಗೊರ್‌ ಗೊರ್‌ ಎಂದು ಹಿಂದೆ ಮುಂದೆ ಓಡಿತು. ಮೋರೀನಳ ಮುಖ ಶ್ರಾದ್ಧದ ಫೋಟೋದಂತೆ ಬಿಗಿದಿತ್ತು. ಅವನಿಗೆ ಬೆವರು ಹತ್ತಿತು.

"ಏನು ಮಾಡ್ತಿದಾನೆ ಇವನು?" ಎಂದಳು ಮೋರೀನ್ ಹಲ್ಲುಕಚ್ಚಿ.

"ಲೈನು ಸಿಗ್ತಿಲ್ಲ," ಎಂದಳು ಪಿಶಿ. ಅಷ್ಟು ಹೇಳಿದವಳು ಥಟ್ಟನೆ ಮೂಗಿನಿಂದ, ಹಾಡಿದಂತೆ, ಎಕ್ಸ್‌ಚೇಂಜಿನ ಹಳೆಯ ಇಂಗ್ಲಿಷಿನಲ್ಲಿ "ನಂಬರ್ ಪ್ಲೀಸ್" ಎಂದಳು.

ಮೋರೀನಳ ಬೆನ್ನು ತಾನಾಗಿ ಸಡಿಲವಾಯಿತು. ಅವಳೂ ಅದೇ ದನಿಯಲ್ಲಿ ಉತ್ತರ ಕೊಟ್ಟಳು. ಯಾವನೋ ಸಾಹೇಬ ದಿನಾ ಸಂಜೆ ಹೆಂಡತಿಗೆ ಸುಳ್ಳು ಹೇಳುತ್ತಿದ್ದದ್ದು, ಇವರಿಬ್ಬರೂ ಅದನ್ನು ಕೇಳಿಸಿಕೊಂಡು ಒಂದು ದಿನ ಬೇಕೆಂದೇ ತಪ್ಪು ಮನೆಗೆ ಜೋಡಿಸಿದ್ದು, ಆ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಮೋರೀನ್ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಪರಿತೋಷ್ ಲೆನ್ಸಿನ ಮೋಟಾರು ಆರಿಸಿದ. ಫೋಕಸಿನ ಉಂಗುರವನ್ನು ಕೈಯಲ್ಲೇ ತಿರುಗಿಸಿ ಬಿಟ್ಟು, ಉಸಿರು ಹಿಡಿದು, ತಾನೇ ಒಂದು ಬೆರಳಿನಷ್ಟು ಮುಂದೆ ಬಗ್ಗಿ, ಒತ್ತಿದ. ಮತ್ತೆ ಒತ್ತಿದ.

ವಾಪಸು ಬರುವಾಗ ಟ್ರಾಮಿನಲ್ಲಿ ಪಿಶಿ ಕಿಟಕಿ ಪಕ್ಕ ಕೂತಿದ್ದಳು. ಪರಿತೋಷ್ ಕ್ಯಾಮೆರಾ ಹೊರತೆಗೆದು ಮೋರೀನಳ ಮುಖವನ್ನು ಹಿಗ್ಗಿಸಿದ. ಕಣ್ಣು ಹರಿತ. ಕಣ್ಣಂಚಿನ ನೀರಹನಿಯೂ ಹರಿತ. ಗಲ್ಲದ ಹತ್ತಿರ ಮಾತ್ರ ಸ್ವಲ್ಪ ಸಡಿಲ. ಅಷ್ಟು ಸಣ್ಣ ಕೋಣೆಗೆ ನೂರು ಹೆಚ್ಚಾಯಿತೇನೋ, ಅರವತ್ತರ ಮ್ಯಾಕ್ರೊ ಒಂದು ಬದ್ರುಭಾಯಿಯ ಗಾಜಿನ ಕಪಾಟಿನಲ್ಲಿ ಎಡಗಡೆ ಇತ್ತಲ್ಲ, ಇಲ್ಲೇ ಇಳಿದರೆ ಅಂಗಡಿ ಮುಚ್ಚುವ ಮುಂಚೆ ಹೋಗಬಹುದು. ಅವನು ಅರ್ಧ ಎದ್ದ.

"ಎಲ್ಲಿಗೆ ಹೊರಟೆ? ಕೂತ್ಕೋ," ಎಂದು ಪಿಶಿ ಅವನ ಶಾಲು ಹಿಡಿದೆಳೆದಳು. ಅವಳ ಬಲಗಣ್ಣು ಬೀದಿಯನ್ನು ಬಿಟ್ಟಿರಲಿಲ್ಲ. "ನೋಡು, 'ಡಾಕ್ಟರ್ ಪಾಲ್, ಮೂಲವ್ಯಾಧಿಗೆ ಖಚಿತ ಪರಿಹಾರ.' 'ಶೀತಲಾ ಬ್ಯಾಂಡ್ ಪಾರ್ಟಿ, ಮದುವೆಗೆ ಮಾತ್ರ.' 'ಇಲ್ಲಿ ಉಚ್ಚೆ ಹೊಯ್ಯಬಾರದು.' ಹೊಯ್ತಿದಾನೆ ನೋಡು, ಅದರ ಕೆಳಗೇ."

ಪರಿತೋಷ್ ಕೂತ. ಟ್ರಾಮ್ ಗಂಟೆ ಹೊಡೆದು ತಿರುವಿನಲ್ಲಿ ಕಿರ್ರೆಂದಿತು. ಪಿಶಿ ಮುಂದಿನ ಅಂಗಡಿಯ ಬೋರ್ಡು ಓದತೊಡಗಿದಳು.